ಐದನೆಯ ವರ್ಷದ ಬ್ಯಾಟರಿ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಕಾಡಿನೊಳಗಿರುವ ಒಂದು ವಾಡಾಕ್ಕೆ, ಅಂದರೆ ಕುಣಬಿ ಎಂಬ ಕಾಡಿನ ಸಮುದಾಯದವರ ಪುಟ್ಟ ಕೇರಿಗೆ, ನಾನು ಮೊದಲ ಸಲ ಹೋದದ್ದು 2001ರ ಫೆಬ್ರವರಿಯಲ್ಲಿ. ಆಗ ನಾನು ಗ್ರಾಮೀಣ ಬ್ಯಾಂಕೊಂದರ ಶಾಖೆಯಲ್ಲಿ ಕ್ಷೇತ್ರಾಧಿಕಾರಿಯಾಗಿದ್ದೆ. ಸೋಲಾರ್ ದೀಪಕ್ಕಾಗಿ ಸಾಲ ಕೇಳಿ ಬಂದಿದ್ದ ಅರ್ಜಿಯೊಂದರ ಸ್ಥಳ ಪರಿಶೀಲನೆ ನನ್ನ ಪಾಲಿಗೆ ಬಂದಿತ್ತು. ಬಸ್ಸು ನಿಲ್ಲುವಲ್ಲಿಂದ ಐದು ಕಿಲೋಮೀಟರ್ ನಡೆದು, ಎರಡು ಹಳ್ಳ ದಾಟಿ ತಲುಪಿದಾಗ ಸಂಜೆ ನಾಲ್ಕೂವರೆಯಾಗಿತ್ತು. ಅಲ್ಲಿದ್ದದ್ದು ಹನ್ನೊಂದು ಮನೆಗಳು. ಹೊರಗೆ ಇನ್ನೂ ಬಿಸಿಲಿದ್ದರೂ ಅರ್ಜಿದಾರರ ಮನೆಯ ಅಡುಗೆಕೋಣೆಯಲ್ಲಿ ಚಿಮಣಿ ಬುಡ್ಡಿ ಉರಿಯುತ್ತಿತ್ತು. ಇಳಿಜಾರಾದ ಮಾಡು, ಕಿಟಕಿಯಿಲ್ಲದ ಮಣ್ಣಿನ ಗೋಡೆ, ಮೇಲೆ ಅಟ್ಟದಲ್ಲಿ ಹೊಗೆಗೆ ಒಣಗಲು ಇಟ್ಟ ಬೀಜದ ಕಟ್ಟುಗಳು. ಅಲ್ಲಿ ಹಗಲಿನಲ್ಲಿಯೂ ದೀಪ ಬೇಕಾಗುತ್ತದೆ ಎಂಬುದು ಬಯಲುಸೀಮೆಯಲ್ಲಿ ಬೆಳೆದ ನನಗೆ ಅಂದೇ ತಿಳಿದದ್ದು.

ಆ ತಾಲ್ಲೂಕು ಕತ್ತಲೆಯಲ್ಲಿದ್ದದ್ದು ಕರೆಂಟಿನ ಕೊರತೆಯಿಂದಲ್ಲ ಎಂಬುದನ್ನು ಮೊದಲೇ ಹೇಳಬೇಕು. ಕಾಳಿ ನದಿಗೆ ಅಡ್ಡಲಾಗಿ ನಿಂತ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇರುವುದು ಇಲ್ಲಿಯೇ. ಅದರ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿ, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಮನೆ ಕಳೆದುಕೊಂಡವರಿಗಾಗಿ ರಾಮನಗರ ಎಂಬ ಹೊಸ ಊರು ಎದ್ದಿತು. ಅದೇ ನೀರು ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ಮತ್ತೆ ವಿದ್ಯುತ್ತಾಗುತ್ತದೆ. ನದಿಯ ಕೆಳದಂಡೆಯ ಕೈಗಾದಲ್ಲಿ ಅಣುಸ್ಥಾವರದ ಮೊದಲ ಎರಡು ಘಟಕಗಳು ನಾನು ಆ ವಾಡಾಕ್ಕೆ ಹೋಗುವ ಹಿಂದಿನ ವರ್ಷ, ಅಂದರೆ 2000ದಲ್ಲಿ, ವಾಣಿಜ್ಯ ಉತ್ಪಾದನೆ ಆರಂಭಿಸಿದ್ದವು. ದೊಡ್ಡ ಗೋಪುರಗಳ ಮೇಲೆ ಹಾದುಹೋಗುವ ತಂತಿಗಳು ಆ ಕಾಡಿನ ಮೇಲಿನಿಂದಲೇ ಹೊರಗಿನ ಊರುಗಳಿಗೆ ಹೋಗುತ್ತವೆ. ಮಳೆಗಾಲದ ಸಂಜೆ ಆ ಗೋಪುರಗಳ ಕೆಳಗೆ ನಿಂತರೆ ತಂತಿ ಗುಂಯ್‌ಗುಡುವ ಸದ್ದು ಕೇಳುತ್ತದೆ. ಆ ಸದ್ದು ಕೇಳುವಷ್ಟು ದೂರದಲ್ಲಿದ್ದ ಮನೆಗಳಲ್ಲಿ ಚಿಮಣಿ ಎಣ್ಣೆಗೆ ರೇಷನ್ ಅಂಗಡಿಯ ಮುಂದೆ ಸಾಲು ನಿಲ್ಲಬೇಕಿತ್ತು.

ತಂತಿ ಏಕೆ ಬರಲಿಲ್ಲ ಎಂಬುದಕ್ಕೆ ಒಂದೇ ಕಾರಣವಿಲ್ಲ. ಹನ್ನೊಂದು ಮನೆಗಾಗಿ ಐದು ಕಿಲೋಮೀಟರ್ ಕಂಬ ನೆಡುವುದು ಯಾವ ಲೆಕ್ಕದಲ್ಲಿಯೂ ಹೊಂದುವುದಿಲ್ಲ. ಜೊತೆಗೆ ಅದು ಅರಣ್ಯ. 2007ರಲ್ಲಿ ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ, ಅದಕ್ಕೆ 2015ರಲ್ಲಿ ಕಾಳಿಯ ಹೆಸರು ಬಂದ ಮೇಲೆ, ಕಂಬ ನೆಡುವ ಮಾತು ಇನ್ನಷ್ಟು ದೂರವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮು, ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಮತ್ತು ಹೆಕ್ಟೇರಿಗೆ 75ಕ್ಕಿಂತ ಹೆಚ್ಚಿಲ್ಲದಷ್ಟು ಮರ ಹೋಗುವುದಾದರೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಶಾಲೆ, ಕುಡಿಯುವ ನೀರು, ರಸ್ತೆಗಳಂತೆಯೇ ವಿದ್ಯುತ್ ತಂತಿಗೂ ಅವಕಾಶ ಕೊಡುತ್ತದೆ. ಕಾಗದದಲ್ಲಿ ಇರುವ ಈ ದಾರಿಯನ್ನು ಹಿಡಿದು ನಡೆಯಲು ಬೇಕಾದ ಓದು, ಓಡಾಟ, ತಾಳ್ಮೆಗಳನ್ನು ಹನ್ನೊಂದು ಮನೆಗಳ ಜನ ಎಲ್ಲಿಂದ ತರಬೇಕು? ಇನ್ನು 2018ರ ಏಪ್ರಿಲ್ 28ರಂದು ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ತಲುಪಿತು ಎಂಬ ಘೋಷಣೆಯಾಯಿತಲ್ಲ, ಅದರ ಹಿಂದಿರುವ ವ್ಯಾಖ್ಯೆಯ ಪ್ರಕಾರ ಶಾಲೆ, ಪಂಚಾಯಿತಿ ಕಚೇರಿಗಳಂಥ ಸಾರ್ವಜನಿಕ ಸ್ಥಳಗಳಿಗೂ ನೂರಕ್ಕೆ ಹತ್ತು ಮನೆಗಳಿಗೂ ಕರೆಂಟು ಬಂದರೆ ಆ ಗ್ರಾಮ ವಿದ್ಯುದೀಕೃತವೆನಿಸುತ್ತದೆ. ರಸ್ತೆ ಬದಿಯ ಕಂದಾಯ ಗ್ರಾಮ ಎಣಿಕೆಗೆ ಸೇರಿತು. ಅದೇ ಗ್ರಾಮದ ಹೆಸರಿನಲ್ಲಿರುವ ಕಾಡಿನೊಳಗಿನ ವಾಡಾ, ಮಜರೆಗಳು ಅದರ ನೆರಳಿನಲ್ಲಿ ಕಾಣದೆ ಹೋದವು.

ನನ್ನ ಮುಂದಿದ್ದ ಅರ್ಜಿ 18,000 ರೂಪಾಯಿಯ ನಾಲ್ಕು ದೀಪದ ವ್ಯವಸ್ಥೆಗೆ ಸಂಬಂಧಿಸಿದ್ದು. 37 ವ್ಯಾಟ್‌ನ ಒಂದು ಪ್ಲೇಟು (ಪ್ಯಾನೆಲ್ ಎಂದು ಅಲ್ಲಿ ಯಾರೂ ಹೇಳುವುದಿಲ್ಲ), 12 ವೋಲ್ಟಿನ ಒಂದು ಸೀಸದ ಬ್ಯಾಟರಿ, ಚಾರ್ಜ್ ನಿಯಂತ್ರಿಸುವ ಸಣ್ಣ ಪೆಟ್ಟಿಗೆ, ಒಂಬತ್ತು ವ್ಯಾಟ್‌ನ ನಾಲ್ಕು ಸಿಎಫ್‌ಎಲ್ ದೀಪಗಳು. ನೂರಕ್ಕೆ ಹದಿನೈದು ಮುಂಗಡ ಕಟ್ಟಿಸಿಕೊಂಡು ಉಳಿದ 15,300ನ್ನು ಶೇಕಡಾ 12ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕೊಟ್ಟರೆ ತಿಂಗಳಿಗೆ ಸುಮಾರು 340 ರೂಪಾಯಿಯ ಕಂತು ಬರುತ್ತಿತ್ತು. ಮನೆಯೊಡತಿಯ ಜೊತೆ ಕುಳಿತು ಲೆಕ್ಕ ಹಾಕಿದೆ. ಚಿಮಣಿ ಎಣ್ಣೆ, ಟಾರ್ಚಿನ ಸೆಲ್ಲು, ಮೇಣದಬತ್ತಿ ಎಲ್ಲ ಸೇರಿ ತಿಂಗಳಿಗೆ ನೂರೈವತ್ತರ ಆಸುಪಾಸು. ಉಳಿದ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ಆಕೆ ಕೊಟ್ಟ ಉತ್ತರ ನನ್ನ ಬ್ಯಾಂಕಿನ ನಮೂನೆಯಲ್ಲಿ ಎಲ್ಲಿಯೂ ಬರೆಯಲು ಬರುವಂಥದಲ್ಲ: ಚಳಿಗಾಲದಲ್ಲಿ ಗಡ್ಡೆಗೆಣಸು, ಬೇಸಿಗೆಯಲ್ಲಿ ಜೇನು, ಮುರುಗಲು, ಮಳೆ ಹಿಡಿದ ಮೇಲೆ ಉಪ್ಪಾಗೆ, ಗದ್ದೆ ಕೆಲಸವಿಲ್ಲದ ದಿನ ಕೂಲಿ. "ಜನವರಿಯಲ್ಲಿ ಎರಡು ಸಾವಿರ ಕೇಳಿ ಕೊಡುತ್ತೇನೆ ಸಾಹೇಬರೇ, ಆಷಾಢದಲ್ಲಿ ಇಪ್ಪತ್ತು ರೂಪಾಯಿ ಕೇಳಬೇಡಿ" ಎಂದರು.

ಆ ಒಂದು ಮಾತಿನಿಂದ ಸಾಲದ ಆಕಾರವೇ ಬದಲಾಯಿತು. ವರ್ಷಕ್ಕೆ ಮೂರು ಕಂತು, ಜನವರಿ, ಮೇ ಮತ್ತು ಅಕ್ಟೋಬರ್‌ನಲ್ಲಿ. ನಡುವೆ ಏನೂ ಇಲ್ಲ. ಬೆಳೆಸಾಲಕ್ಕೆ ಇದು ಸಹಜವಾದ ವ್ಯವಸ್ಥೆಯೇ, ಆದರೆ ದೀಪವನ್ನು ಅಂದಿನ ನಮ್ಮ ನಿಯಮಗಳು ಬಳಕೆಯ ವಸ್ತು ಎಂದು ನೋಡುತ್ತಿದ್ದವು, ಮಿಕ್ಸರಿಗೂ ಟಿವಿಗೂ ಇದ್ದ ಮಾಸಿಕ ಕಂತು ಇದಕ್ಕೂ ಅನ್ವಯಿಸುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಭದ್ರತೆಯದು. ಮನೆ ನಿಂತ ಜಾಗಕ್ಕೆ ಪಹಣಿ ಇಲ್ಲ, ಅಡವಿಡಲು ಏನೂ ಇಲ್ಲ. ಕೊನೆಗೆ ಆ ವಾಡಾದ ಮಹಿಳೆಯರ ಸ್ವಸಹಾಯ ಸಂಘ ಜವಾಬ್ದಾರಿ ಹೊತ್ತಿತು, ಪ್ಲೇಟು-ಬ್ಯಾಟರಿಗಳನ್ನೇ ಬ್ಯಾಂಕಿನ ಹೆಸರಿಗೆ ಅಡಮಾನ ಮಾಡಿಕೊಂಡೆವು. ಮೇಲಿನ ಕಚೇರಿಗೆ ಮೂರು ಪತ್ರ ಬರೆಯಬೇಕಾಯಿತು. ಆ ವರ್ಷ ಏಳು ಮನೆ, ಮುಂದಿನ ವರ್ಷ ಉಳಿದ ನಾಲ್ಕು ಸಾಲ ಪಡೆದವು. ಹನ್ನೊಂದರಲ್ಲಿ ಒಂದೂ ಸುಸ್ತಿಯಾಗಲಿಲ್ಲ.

ಇದು ನನ್ನ ಬುದ್ಧಿಯಲ್ಲಿ ಹುಟ್ಟಿದ ದಾರಿಯೇನಲ್ಲ. 1995ರಲ್ಲಿ ಹರೀಶ್ ಹಂದೆ ಅವರು ಸಹ ಸಂಸ್ಥಾಪಕರಾಗಿ ಆರಂಭಿಸಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸೋಲಾರ್ ದೀಪ ಮಾರಲು ಹೊರಟಾಗ, ಬಡವರು ಇಂಥದಕ್ಕೆ ದುಡ್ಡು ಕೊಡಲಾರರು, ಇದನ್ನು ನೋಡಿಕೊಳ್ಳಲಾರರು ಎಂಬ ಮಾತೇ ಎಲ್ಲೆಡೆ ಇತ್ತು. ಅವರ ಮುಖ್ಯ ಕೆಲಸ ತಂತ್ರಜ್ಞಾನದ್ದಲ್ಲ, ಬ್ಯಾಂಕುಗಳ ಬಾಗಿಲು ತಟ್ಟಿದ್ದು ಎಂದೇ ನಾನು ಭಾವಿಸುತ್ತೇನೆ. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಮನೆ ದೀಪಕ್ಕೆ ಸಾಲ ಕೊಡಲು ಮುಂದೆ ಬಂದ ಮೊದಮೊದಲಿನ ಬ್ಯಾಂಕುಗಳಲ್ಲಿ ಒಂದು. ಆಮೇಲೆ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳ ಜೊತೆ ಸೇರಿ ಒಂದು ಯೋಜನೆ ತಂದಿತು. ಆ ಹಣ ಉಪಕರಣದ ಬೆಲೆಯನ್ನು ತಗ್ಗಿಸಲು ಹೋಗಲಿಲ್ಲ, ಸಾಲದ ಬಡ್ಡಿಯ ಒಂದು ಭಾಗವನ್ನು ಭರಿಸಲು ಹೋಯಿತು. ಮತ್ತು ಆ ನೆರವು ಕೆಲವು ವರ್ಷಗಳ ನಂತರ ನಿಲ್ಲುತ್ತದೆ ಎಂದು ಮೊದಲೇ ತೀರ್ಮಾನವಾಗಿತ್ತು. ಹೊರಗಿನವರಿಗೆ ಇದು ಸಣ್ಣ ವ್ಯತ್ಯಾಸವಾಗಿ ಕಾಣಬಹುದು. ಶಾಖೆಯಲ್ಲಿ ಕುಳಿತವರಿಗೆ ಅದರ ಅರ್ಥ ಬೇರೆಯೇ: ಬೆಲೆಗೆ ಸಬ್ಸಿಡಿ ಕೊಟ್ಟರೆ ಜನ ಮುಂದಿನ ಸಬ್ಸಿಡಿಗೆ ಕಾಯುತ್ತಾರೆ, ಬಡ್ಡಿ ತಗ್ಗಿಸಿದರೆ ಮ್ಯಾನೇಜರನಿಗೆ ಸಾಲ ಕೊಡುವ ಅಭ್ಯಾಸವಾಗುತ್ತದೆ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದ ದಿನ ನಮ್ಮ ಶಾಖೆಯಲ್ಲಿ ನಾವು ಮೂರು ಜನ ಪೇಡೆ ಹಂಚಿಕೊಂಡು ತಿಂದೆವು.

ದೀಪ ಕೂರಿಸುವ ದಿನ ನಾನೂ ಹೋಗಿದ್ದೆ. ತಂತ್ರಜ್ಞ ಇಪ್ಪತ್ತೆರಡು ವರ್ಷದ ಹುಡುಗ, ಪ್ಲೇಟನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದ. ಬ್ಯಾಟರಿಯನ್ನು ಇಬ್ಬರು ಬಿದಿರಿನ ಗಳಕ್ಕೆ ತೂಗುಹಾಕಿ ಹೊತ್ತು ತಂದಿದ್ದರು. ಜೋಯಿಡಾ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಪ್ಲೇಟನ್ನೂ ದಕ್ಷಿಣಕ್ಕೆ ಮುಖ ಮಾಡಿ ಹೆಚ್ಚು ಕಡಿಮೆ ಅಷ್ಟೇ ಓರೆಯಾಗಿ ನಿಲ್ಲಿಸಬೇಕು. ಆದರೆ ಆ ಮನೆಯ ದಕ್ಷಿಣಕ್ಕೆ ದೊಡ್ಡ ಹಲಸಿನ ಮರ. ಪ್ಲೇಟಿನೊಳಗಿನ, ಬಿಸಿಲನ್ನು ಕರೆಂಟಾಗಿಸುವ 36 ಬಿಲ್ಲೆಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಸಿಕೊಂಡಿರುವುದರಿಂದ ಒಂದೆರಡರ ಮೇಲೆ ಕೊಂಬೆಯ ನೆರಳು ಬಿದ್ದರೂ ಇಡೀ ಪ್ಲೇಟಿನ ಉತ್ಪತ್ತಿ ಕುಸಿಯುತ್ತದೆ. ಮರ ಕಡಿಯುವ ಮಾತನ್ನು ಯಾರೂ ಆಡಲಿಲ್ಲ. ಅಂಗಳದ ಆಚೆ ಬಿಸಿಲು ಬೀಳುವಲ್ಲಿ ಕಂಬ ನೆಟ್ಟು, ಅಲ್ಲಿಂದ ತಂತಿ ಎಳೆದರು.

ಮುಂದಿನ ಚರ್ಚೆ ಮಾತ್ರ ಒಂದು ಗಂಟೆ ಹಿಡಿಯಿತು: ನಾಲ್ಕು ದೀಪ ಎಲ್ಲೆಲ್ಲಿ? ಯಜಮಾನರಿಗೆ ಜಗಲಿಯಲ್ಲಿ ಒಂದು, ದೇವರ ಮುಂದೆ ಒಂದು ಬೇಕಿತ್ತು. ಅಡುಗೆಕೋಣೆಯನ್ನು ಅವರು ಎಣಿಸಿಯೇ ಇರಲಿಲ್ಲ. ಮನೆಯೊಡತಿ ತಂತ್ರಜ್ಞನನ್ನು ಒಳಗೆ ಕರೆದುಕೊಂಡು ಹೋಗಿ ಒಲೆ, ಒರಳು, ನೀರಿನ ಕೊಡಗಳಿಡುವ ಕಟ್ಟೆ, ಹಾವು ಬರುವ ಹಿಂಬಾಗಿಲು ಎಲ್ಲವನ್ನೂ ತೋರಿಸಿದರು. ಕೊನೆಗೆ ಅಡುಗೆಕೋಣೆ ಮತ್ತು ನಡುಮನೆಯ ನಡುವಿನ ಗೋಡೆಯ ಮೇಲ್ಭಾಗವನ್ನು ಒಡೆದು, ಎರಡೂ ಕಡೆಗೆ ಬೆಳಕು ಬೀಳುವಂತೆ ಒಂದು ದೀಪ. ಜಗಲಿಗೊಂದು, ಮಕ್ಕಳು ಓದುವ ಮೂಲೆಗೊಂದು, ಕೊಟ್ಟಿಗೆಗೊಂದು. ದೇವರಿಗೆ ಎಣ್ಣೆಯ ದೀಪವೇ ಇರಲಿ ಎಂದು ಅಜ್ಜಿ ತೀರ್ಪು ಕೊಟ್ಟರು. ಕೊಟ್ಟಿಗೆಯ ದೀಪ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು ಎಂದು ಆ ಮನೆಯವರು ಮುಂದೆ ಎಷ್ಟೋ ಸಲ ಹೇಳಿದ್ದಾರೆ, ಏಕೆಂದರೆ ಆ ಕಾಡಿನಲ್ಲಿ ರಾತ್ರಿ ದನ ಕೂಗಿದರೆ ಅದು ಚಿರತೆಯೂ ಆಗಿರಬಹುದು.

ಸೋಲಾರ್‌ ಬಗ್ಗೆ ಮಾತನಾಡುವವರು ಬಿಸಿಲಿನ ಬಗ್ಗೆ ಹೆಚ್ಚು ಮಾತನಾಡುತ್ತಾರೆ. ಜೋಯಿಡಾದಲ್ಲಿ ಲೆಕ್ಕ ಹಾಕಬೇಕಾದದ್ದು ಮಳೆಯನ್ನು. 37 ವ್ಯಾಟ್‌ನ ಪ್ಲೇಟು ಫೆಬ್ರವರಿಯ ಒಳ್ಳೆಯ ದಿನ, ಸೋರಿಕೆಗಳನ್ನೆಲ್ಲ ಕಳೆದು, ನೂರಿಪ್ಪತ್ತರಿಂದ ನೂರೈವತ್ತು ವ್ಯಾಟ್-ಗಂಟೆ ಕೊಟ್ಟೀತು. ಒಂಬತ್ತು ವ್ಯಾಟ್‌ನ ನಾಲ್ಕು ದೀಪ ನಾಲ್ಕು ಗಂಟೆ ಉರಿದರೆ 144 ಆಗುತ್ತದೆ. ಅಂದರೆ ಬೇಸಿಗೆಯಲ್ಲಿಯೇ ಕೈಗೂ ಬಾಯಿಗೂ ಸರಿ. ಜುಲೈನಲ್ಲಿ ವಾರಗಟ್ಟಲೆ ಸೂರ್ಯ ಕಾಣದಿದ್ದಾಗ ಬ್ಯಾಟರಿ ಮೂರು ದಿನ ಹೇಗೋ ನಡೆಸುತ್ತದೆ, ನಾಲ್ಕನೆಯ ದಿನ ಪೆಟ್ಟಿಗೆಯ ಕೆಂಪು ದೀಪ ಹೊತ್ತಿಕೊಂಡು ಎಲ್ಲವೂ ಆರುತ್ತದೆ. ವಾಡಾದ ಹೆಂಗಸರು ಇದಕ್ಕೊಂದು ಶಿಸ್ತು ಮಾಡಿಕೊಂಡಿದ್ದರು: ಮೃಗಶಿರೆ ಮಳೆಯಿಂದ ಮಘೆ ಮಳೆಯವರೆಗೆ ಅಡುಗೆಮನೆಯ ದೀಪ ಒಂದೇ, ಅದೂ ಊಟ ಮುಗಿಯುವ ತನಕ. ಮಲೆನಾಡಿನ ಕೆಲವು ಕಡೆ ತೋಟದವರು ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಹಾಕಿಕೊಂಡಿದ್ದಾರೆ. ಬಿಸಿಲು ಹೋದಾಗ ಹಳ್ಳ ತುಂಬುತ್ತದೆ, ಹಳ್ಳ ಬತ್ತಿದಾಗ ಬಿಸಿಲು ಬರುತ್ತದೆ, ಎರಡೂ ಇದ್ದ ಮನೆಗೆ ವರ್ಷಪೂರ್ತಿ ಬೆಳಕು. ಆದರೆ ಅದಕ್ಕೆ ಮನೆಯ ಮೇಲ್ಭಾಗದಿಂದ ಇಳಿದು ಬರುವ ನೀರು ಬೇಕು, ಎಲ್ಲರ ಮನೆ ಅಂಥಲ್ಲಿ ಇರುವುದಿಲ್ಲ.

ಮೊದಲ ಏಳು ಮನೆಗಳ ಸಾಲ ತೀರಿದ್ದು 2006ರಲ್ಲಿ. ಕೊನೆಯ ಕಂತಿನ ರಸೀದಿ ಕೊಟ್ಟ ಸಂತೋಷದಲ್ಲಿ, ಆ ವರ್ಷ ಮಳೆ ಮುಗಿದ ಮೇಲೆ ಮತ್ತೆ ವಾಡಾಕ್ಕೆ ಹೋದೆ. ಹನ್ನೊಂದು ಮನೆಗಳಲ್ಲಿ ಐದರಲ್ಲಿ ದೀಪ ಉರಿಯುತ್ತಿರಲಿಲ್ಲ. ಪ್ಲೇಟುಗಳು ಹೊಸದರಂತೆ ಹೊಳೆಯುತ್ತಿದ್ದವು, ಸತ್ತದ್ದು ಬ್ಯಾಟರಿ. ಸೀಸದ ಬ್ಯಾಟರಿ ಅರೆತುಂಬಿದ ಸ್ಥಿತಿಯಲ್ಲಿಯೇ ದಿನಗಟ್ಟಲೆ ಉಳಿದರೆ ಅದರ ತಗಡುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಬಿಸಿಲು ಬಿದ್ದರೂ ಅದು ಪೂರ್ತಿ ಕರಗುವುದಿಲ್ಲ. ಐದು ಮಳೆಗಾಲಗಳು ಆ ಕೆಲಸ ಮಾಡಿದ್ದವು. ಒಂದು ಮನೆಯಲ್ಲಿ ಬ್ಯಾಟರಿ ನೀರು ಮುಗಿದಾಗ ಬಾವಿಯ ನೀರು ಹೊಯ್ದಿದ್ದರು. ಇನ್ನೊಂದರಲ್ಲಿ ಮಗ ಟೇಪ್‌ರೆಕಾರ್ಡರಿನ ತಂತಿಯನ್ನು ಪೆಟ್ಟಿಗೆಯನ್ನು ತಪ್ಪಿಸಿ ನೇರ ಬ್ಯಾಟರಿಗೇ ಕೊಟ್ಟಿದ್ದ, ಕೆಂಪು ದೀಪ ಎಚ್ಚರಿಸಿದರೂ ಹಾಡು ನಿಲ್ಲುತ್ತಿರಲಿಲ್ಲ. ತಪ್ಪು ಅವರದೆಂದು ನಾನು ಹೇಳಲಾರೆ. ಐದು ವರ್ಷದ ಸಾಲವನ್ನು ಬಹಳ ಎಚ್ಚರಿಕೆಯಿಂದ ಹೊಂದಿಸಿದ್ದ ನಾನು, ಐದು ವರ್ಷ ಮುಗಿಯುವಾಗಲೇ ಬ್ಯಾಟರಿಯೂ ಮುಗಿಯುತ್ತದೆ ಎಂಬುದನ್ನು ಲೆಕ್ಕದಲ್ಲಿ ಸೇರಿಸಿರಲಿಲ್ಲ. ಸಾಲ ಮುಗಿದ ತಿಂಗಳೇ ಸುಮಾರು ಐದು ಸಾವಿರದ ಖರ್ಚು ಎದುರಾಗಿ ನಿಂತಿತ್ತು. ಆ ರಾತ್ರಿ ಚಿಮಣಿ ಬುಡ್ಡಿ ಮತ್ತೆ ಇಳಿದು ಬಂದಿದ್ದ ಮನೆಯಲ್ಲಿ ಉಂಡು ಮಲಗಿದಾಗ ನನಗೆ ನಿದ್ದೆ ಹತ್ತಲಿಲ್ಲ.

ಆ ಸಲದಿಂದ ನಾವು ಸೋಲಾರ್ ಸಾಲ ಕೊಡುವ ದಿನವೇ ತಿಂಗಳಿಗೆ 80 ರೂಪಾಯಿಯ ಆವರ್ತಕ ಠೇವಣಿಯನ್ನೂ ತೆರೆಯಿಸತೊಡಗಿದೆವು. ಐದು ವರ್ಷಕ್ಕೆ ಬಡ್ಡಿ ಸೇರಿ ಹೊಸ ಬ್ಯಾಟರಿಯ ಬೆಲೆ ಆಗುತ್ತದೆ. ಸಂಘದ ಹೆಂಗಸರು ತಾವೇ ವಸೂಲಿ ಮಾಡಿ ಒಟ್ಟಿಗೆ ತಂದು ಕಟ್ಟುತ್ತಿದ್ದರು. ಎರಡನೆಯದು ನೀರು. ಹದಿನೈದು ದಿನಕ್ಕೊಮ್ಮೆ ಬ್ಯಾಟರಿ ನೋಡುವ ಕೆಲಸವನ್ನು ವಾಡಾದಲ್ಲಿ ಎಂಟನೆಯ ತರಗತಿ ಓದಿ ಬಿಟ್ಟ ಒಬ್ಬ ಹುಡುಗನಿಗೆ ಒಪ್ಪಿಸಿದೆವು, ಸೋಲಾರ್ ಕಂಪನಿಯವರು ಅವನನ್ನು ಒಂದು ವಾರ ಜೊತೆಗಿಟ್ಟುಕೊಂಡು ಕಲಿಸಿದರು. ಮನೆಗೆ ತಿಂಗಳಿಗೆ ಹತ್ತು ರೂಪಾಯಿ ಅವನ ಸಂಬಳ. ಇವತ್ತು ಅವನು ಜೋಯಿಡಾ ಪೇಟೆಯಲ್ಲಿ ಸಣ್ಣ ರಿಪೇರಿ ಅಂಗಡಿ ಇಟ್ಟಿದ್ದಾನೆ.

ಈ ಹೋಲಿಕೆಯನ್ನು ಹೇಳದೆ ಇರಲಾರೆ. ಪಕ್ಕದ ಇನ್ನೊಂದು ವಾಡಾಕ್ಕೆ ಕೆಲವು ವರ್ಷಗಳ ನಂತರ ಇಲಾಖೆಯೊಂದರಿಂದ ಉಚಿತವಾಗಿ ಸೋಲಾರ್ ದೀಪಗಳು ಬಂದವು. ಒಂದೇ ದಿನದಲ್ಲಿ ಎಲ್ಲ ಮನೆಗೂ ಕೂರಿಸಿ, ಫೋಟೋ ತೆಗೆದುಕೊಂಡು ಹೋದರು. ಯಾವ ಮನೆಯಲ್ಲಿ ಎಷ್ಟು ಜನ, ಮಾಡು ಯಾವ ದಿಕ್ಕಿಗೆ, ದೀಪ ಎಲ್ಲಿ ಬೇಕು ಎಂದು ಯಾರನ್ನೂ ಕೇಳಿರಲಿಲ್ಲ. ಕೆಟ್ಟರೆ ಕರೆಯಬೇಕಾದ ನಂಬರು ಬ್ಯಾಟರಿ ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿತ್ತು, ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬ್ಯಾಟರಿಗಳು ಗುಜರಿಯವನ ಗಾಡಿ ಸೇರಿದ್ದವು. ಒಂದು ಪ್ಲೇಟನ್ನು ಕೋಳಿಗೂಡಿನ ಮೇಲೆ ಮಾಡಾಗಿ ಹೊದಿಸಿದ್ದನ್ನು ನೋಡಿದ್ದೇನೆ. ಬಡವರಿಗೆ ಉಚಿತವಾಗಿ ಕೊಡಬಾರದು ಎಂಬ ವಾದ ನನ್ನದಲ್ಲ. ಪೇಟೆಯ ಮನೆಗಳಿಗೆ ತಂತಿ ತಲುಪಿಸಲು ಸರ್ಕಾರ ಸುರಿದ ಹಣವೂ ಉಚಿತವೇ. ಆದರೆ ಕೊಟ್ಟವರು ಮರಳಿ ಬರುವ ಏರ್ಪಾಡನ್ನೂ ಕೊಡಬೇಕಿತ್ತು. ಪೇಟೆಯಲ್ಲಿ ಫ್ಯೂಸ್ ಹೋದರೆ ಲೈನ್‌ಮ್ಯಾನ್ ಬರುತ್ತಾನೆ, ಅವನ ಸಂಬಳವೂ ವಿದ್ಯುದೀಕರಣದ ಖರ್ಚೇ. ಕಾಡಿನ ಮನೆಗೆ ಮಾತ್ರ ನಾವು ಲೈನ್‌ಮ್ಯಾನ್ ಇಲ್ಲದ ಕರೆಂಟು ಕೊಡುತ್ತೇವೆ.

ಸೆಲ್ಕೋದವರು ಶಾಲೆಗಳಲ್ಲಿ ಮಾಡಿದ ಒಂದು ಏರ್ಪಾಡು ಈ ದೃಷ್ಟಿಯಿಂದ ನನಗೆ ಬಹಳ ಹಿಡಿಸಿತ್ತು. ಅಲ್ಲಿ ಪ್ಲೇಟು ಇರುವುದು ಶಾಲೆಯ ಮಾಡಿನ ಮೇಲೆ. ಮಗು ಮನೆಯಿಂದ ಸಣ್ಣ ಬ್ಯಾಟರಿಯನ್ನು ಬುತ್ತಿಯಂತೆ ಚೀಲದಲ್ಲಿ ತಂದು, ಹಗಲು ಶಾಲೆಯಲ್ಲಿ ಚಾರ್ಜಿಗಿಟ್ಟು, ಸಂಜೆ ಮನೆಗೆ ಒಯ್ದು ದೀಪ ಹಚ್ಚಿಕೊಂಡು ಓದುತ್ತದೆ. ಬ್ಯಾಟರಿಗಳು ದಿನಾ ಒಂದೇ ಕಡೆ ಕೂಡುವುದರಿಂದ ಯಾವುದು ಕೆಟ್ಟಿದೆ ಎಂಬುದು ಅಂದೇ ಗೊತ್ತಾಗುತ್ತದೆ. ಮಗು ಶಾಲೆ ತಪ್ಪಿಸಿದರೆ ಮನೆಯಲ್ಲಿ ಬೆಳಕಿಲ್ಲ, ಹಾಗಾಗಿ ತಾಯಿಯೇ ಶಾಲೆಗೆ ಅಟ್ಟುತ್ತಾಳೆ.

2023ರಲ್ಲಿ ಗೃಹಜ್ಯೋತಿ ಬಂದು, ತಿಂಗಳಿಗೆ 200 ಯೂನಿಟ್‌ವರೆಗೆ ಬಳಸುವ ಮನೆಗಳಿಗೆ ಕರೆಂಟು ಉಚಿತವಾಯಿತು. ನನ್ನ ಮನೆಯ ಬಿಲ್ಲೂ ಸೊನ್ನೆಯಾಗಿದೆ. ಮೀಟರೇ ಇಲ್ಲದ ವಾಡಾದ ಮನೆ ಈ ಸೊನ್ನೆಯನ್ನು ಎಲ್ಲಿ ಬರೆದುಕೊಳ್ಳಬೇಕು? ಅವರು ವರ್ಷವಿಡೀ ಬಳಸುವ ಕರೆಂಟು ಐವತ್ತು ಯೂನಿಟ್ಟನ್ನೂ ಮುಟ್ಟುವುದಿಲ್ಲ, ಅದರ ಬ್ಯಾಟರಿಯನ್ನು ಮಾತ್ರ ತಮ್ಮ ದುಡ್ಡಿನಿಂದ ಕೊಳ್ಳುತ್ತಾರೆ. ಅದೇ ವರ್ಷ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಜನಮನ್ ಯೋಜನೆಯಲ್ಲಿ ತಂತಿ ಹೋಗದ ಮನೆಗಳಿಗೆ ಸೋಲಾರ್ ಕೊಡುವ ಅಂಶವಿದೆ, ಆದರೆ ಅದು ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳಿಗೆ. ಕರ್ನಾಟಕದಲ್ಲಿ ಜೇನುಕುರುಬರು ಮತ್ತು ಕೊರಗರಿಗೆ. ಕುಣಬಿಗಳು ಇಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಯೇ ಇಲ್ಲ. ಗಡಿಯಾಚೆ ಗೋವಾದಲ್ಲಿ ಅದೇ ಕುಣಬಿಗಳು 2003ರಿಂದ ಆ ಪಟ್ಟಿಯಲ್ಲಿದ್ದಾರೆ. ಬೆಟ್ಟದ ಈಚೆ ಪಕ್ಕ, ಆಚೆ ಪಕ್ಕ ಎಂಬುದರ ಮೇಲೆ ದೀಪದ ಹಕ್ಕು ನಿಂತಿರುವುದು ನ್ಯಾಯವೇ ಎಂದು ಆ ವಾಡಾದ ಹಿರಿಯರು ನನ್ನನ್ನು ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ.

ನಿವೃತ್ತನಾಗಿ ಕೆಲವು ವರ್ಷಗಳಾದವು. ಕಳೆದ ಜನವರಿಯಲ್ಲಿ ಮತ್ತೆ ಹೋಗಿದ್ದೆ. 2001ರ ಪ್ಲೇಟು ಅದೇ ಕಂಬದ ಮೇಲೆ ಇನ್ನೂ ಕೆಲಸ ಮಾಡುತ್ತಿದೆ. ಒಂಬತ್ತು ವ್ಯಾಟ್‌ನ ಸಿಎಫ್‌ಎಲ್‌ಗಳ ಜಾಗದಲ್ಲಿ ಮೂರು ವ್ಯಾಟ್‌ನ ಎಲ್‌ಇಡಿಗಳು ಬಂದಿರುವುದರಿಂದ ಆ ಹಳೆಯ ಪ್ಲೇಟೇ ಈಗ ಏಳು ದೀಪ ಉರಿಸಿ ಎರಡು ಮೊಬೈಲುಗಳಿಗೂ ಜೀವ ತುಂಬುತ್ತದೆ, ಆಷಾಢದಲ್ಲಿಯೂ ಅಡುಗೆಮನೆ ಕತ್ತಲಾಗುವುದು ಅಪರೂಪ. ಬ್ಯಾಟರಿ ಇಟ್ಟ ಮೂಲೆಯ ಗೋಡೆಯ ಮೇಲೆ ನೀರು ಹಾಕಿದ ತಾರೀಖುಗಳನ್ನು ಸುಣ್ಣದಲ್ಲಿ ಬರೆದ ಸಾಲುಗಳಿದ್ದವು. ಅದು ಆ ಮನೆಯ ನಾಲ್ಕನೆಯ ಬ್ಯಾಟರಿ, ಮತ್ತು ಅದಕ್ಕೂ ವಯಸ್ಸಾಗಿತ್ತು.

ಲಿಥಿಯಂ ಬ್ಯಾಟರಿಯ ಬಗ್ಗೆ ನಾನು ಹೇಳಿದೆ: ನೀರು ಹಾಕುವ ಕೆಲಸವಿಲ್ಲ, ಹೊರಲು ಹಗುರ, ಅರೆತುಂಬಿದ್ದರೂ ಸೀಸದ್ದರಂತೆ ಕೆಡುವುದಿಲ್ಲ, ಸರಿಯಾಗಿದ್ದರೆ ಎರಡು ಪಟ್ಟು ಬಾಳುತ್ತದೆ. ಮನೆಯೊಡತಿ ಈಗ ಅಜ್ಜಿಯಾಗಿದ್ದಾರೆ, ಎಲ್ಲವನ್ನೂ ಗಮನವಿಟ್ಟು ಕೇಳಿದರು.

"ಕೆಟ್ಟರೆ ಯಾರು ನೋಡುತ್ತಾರೆ ಸಾಹೇಬರೇ?"

ಅದರೊಳಗಿನ ಸರ್ಕ್ಯೂಟ್ ಕೆಟ್ಟರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕು ಅಕ್ಕ, ಎಂದೆ.

"ಹಾಗಾದರೆ ನೀರು ಹಾಕುವುದೇ ಇರಲಿ. ಅದನ್ನು ನಮ್ಮ ಹುಡುಗ ನೋಡುತ್ತಾನೆ" ಎಂದರು. ಮರುದಿನ ಜೋಯಿಡಾ ಪೇಟೆಯ ಅಂಗಡಿಯಲ್ಲಿ ಠೇವಣಿಯ ಹಣ ಕೊಟ್ಟು ಐದನೆಯ ಬ್ಯಾಟರಿ ತಂದೆವು. ಈಗ ಜೀಪು ವಾಡಾದ ಮೊದಲ ಹಳ್ಳದವರೆಗೆ ಹೋಗುತ್ತದೆ, ಅಲ್ಲಿಂದ ಮೇಲೆ ಮೊಮ್ಮಗನೂ ಅವನ ಗೆಳೆಯನೂ ಗಳಕ್ಕೆ ತೂಗುಹಾಕಿ ಹೊತ್ತರು.